ಷಟ್ಕೋಣದ ಉಪಾಯ

ಜಾತ್ರೆಯ ದಿನ ಟವರು ಕೂಗಳತೆಯಲ್ಲಿದ್ದರೂ ಮೊಬೈಲು ಮೂಕವಾಗುವುದನ್ನು ವಾಚಕರು ಕಂಡೇ ಇರುವರು. ತರಂಗಾಂತರವೆಂಬುದು ಮಿತವಾದ ದ್ರವ್ಯ. ಒಂದನ್ನೇ ಅಕ್ಕಪಕ್ಕದವರಿಬ್ಬರು ಹಿಡಿದರೆ ಇಬ್ಬರ ಮಾತೂ ಕೆಡುವುದು. 1946ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವಾಹನಗಳಿಗೆ ದೂರವಾಣಿಯನ್ನು ಕೊಟ್ಟಾಗ, ಏಕಕಾಲದಲ್ಲಿ ಮಾತಾಡಬಲ್ಲವರು ಬೆರಳೆಣಿಕೆಯ ಮಂದಿ. ಮರುವರ್ಷವೇ ಬೆಲ್ ಪ್ರಯೋಗಶಾಲೆಯ ಡಗ್ಲಾಸ್ ರಿಂಗ್ ಎಂಬುವರು ಉಪಾಯವೊಂದನ್ನು ಬರೆದಿಟ್ಟರು: ನೆಲವನ್ನು ಜೇನುಗೂಡಿನಂತೆ ಷಟ್ಕೋಣಗಳಾಗಿ ವಿಭಾಗಿಸಿ, ಒಂದೊಂದಕ್ಕೂ ಅಲ್ಪಶಕ್ತಿಯ ಟವರನ್ನಿರಿಸಿದರೆ, ಒಂದರ ತರಂಗಾಂತರವನ್ನೇ ದೂರದ ಮತ್ತೊಂದರಲ್ಲಿ ಮರಳಿ ಬಳಸಬಹುದು. ವೃತ್ತಗಳನ್ನು ಜೋಡಿಸಿದರೆ ನಡುವೆ ಸಂದು ಉಳಿಯುವುದು; ಷಟ್ಕೋಣಗಳಲ್ಲಿ ಉಳಿಯದು. (ಜೇನಿಗೆ ಈ ರೇಖಾಗಣಿತವನ್ನು ಕಲಿಸಿದವರಾರೋ!) ಉಪಾಯವು ವ್ಯವಹಾರಕ್ಕೆ ಬಂದುದು 1979ರಲ್ಲಿ, ಟೋಕಿಯೋ ನಗರದಲ್ಲಿ.

ಜನ ಹೆಚ್ಚಿದಂತೆ ಕೋಣೆಗಳು ಕಿರಿದಾಗಬೇಕು, ಟವರುಗಳು ಹೆಚ್ಚಬೇಕು. ನಮ್ಮ ಬೀದಿಗೆ ಅದು ಬೇಡವೆಂಬ ಅರ್ಜಿಗೆ ನಾವೂ ರುಜು ಹಾಕಿದೆವು. ಮಳೆಗಾಲದ ಒಂದು ರಾತ್ರಿ ನೆರೆಮನೆಯ ಗರ್ಭಿಣಿಗೆ ವಾಹನವನ್ನು ಕರೆಯಲು ಮಾಳಿಗೆಯೇರಿ ನೆನೆಯುತ್ತ ನಿಂತೆವು. ಟವರು ದೂರವಾದಷ್ಟೂ ಕಿವಿಗೊತ್ತಿದ ಮೊಬೈಲೇ ಹೆಚ್ಚು ಶಕ್ತಿಯಿಂದ ತರಂಗ ಸೂಸಬೇಕಾಗುವುದೆಂಬುದನ್ನು ರುಜು ಹಾಕಿದ ದಿನ ನಾವು ಅರಿತಿರಲಿಲ್ಲ.