ಹ್ವಾದ ವರ್ಷ ಕಟ್ಟಿದ್ದು ಈ ವರ್ಷಕ್ಕಿಲ್ಲ

ರೋಣ ತಾಲ್ಲೂಕಿನ ನಮ್ಮೂರ ಸೊಸೈಟಿಯಲ್ಲಿ ನಾನು ಸೆಕ್ರೆಟರಿ. ಸಹಕಾರ ಸಂಘಗಳ ಸದಸ್ಯರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ನೋಂದಣಿ ಶುರುವಾದರೆ ಹಿರಿಯರು ಕೇಳುವುದು ಇಷ್ಟೇ: ‘ಹ್ವಾದ ವರ್ಷ ಕಟ್ಟೀನಲ್ಲೋ ತಮ್ಮಾ, ಮತ್ತ್ಯಾಕ?’

ಕಟ್ಟಿದ ರೊಕ್ಕ ಆ ಒಂದು ವರ್ಷಕ್ಕಷ್ಟೇ, ಅಜ್ಜಾರ. 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022–23ರಲ್ಲಿ ಮರಳಿದ ಯೋಜನೆಯಿದು. ಮರಳಿದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ.

ನನಗೆ ಹೆಚ್ಚಿನ ಚಿಂತೆ ಹೆಸರುಗಳದ್ದು. ಆಧಾರ್‌ನಲ್ಲಿ ‘ಬಸವ್ವ’, ರೇಷನ್ ಕಾರ್ಡಿನಲ್ಲಿ ‘ಬಸಮ್ಮ’ ಎಂದಿದ್ದರೆ ಮೊದಲೇ ತಿದ್ದಿಸಿಕೊಳ್ಳಬೇಕು. ಮಕ್ಕಳು ಬೇರೆಯಾದ ಕೆಲವು ಮನೆಗಳಲ್ಲಿ ತಾಯಿ-ತಂದೆ ಯಾರ ಕಾರ್ಡಿನಲ್ಲೂ ಉಳಿದಿರುವುದಿಲ್ಲ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಸ್ಪತ್ರೆಗಳ ಪಟ್ಟಿಯೂ ಬದಲಾಗುತ್ತದೆ. ನರಗುಂದ, ಗಜೇಂದ್ರಗಡದವರು ದೊಡ್ಡ ಆಪರೇಷನ್ನಿಗೆ ಗದಗ, ಹುಬ್ಬಳ್ಳಿಗೆ ಹೋಗುವವರು. ನೆಚ್ಚಿದ ಆಸ್ಪತ್ರೆ ಈ ವರ್ಷವೂ ಪಟ್ಟಿಯಲ್ಲಿದೆಯೇ, ಬೇಕಾದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಬಸ್ ಹತ್ತುವ ಮೊದಲೇ ಕೇಳಿಕೊಳ್ಳಿ.

ಖಾಸಗಿ ಆರೋಗ್ಯ ವಿಮೆ ಮಾಡಿಸಿದವರಿಗೂ ಒಂದು ಮಾತು. 2025ರ ಜನವರಿಯಿಂದ ಹಿರಿಯರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದೊಂದಿಗೆ ಮಾತಾಡಬೇಕು. ಕಂತು ಭಾರವಾಯಿತೆಂದು ಪಾಲಿಸಿ ಬಿಡಬೇಡಿ. ಅವಧಿ ಮುಗಿಯುವ ಮುಂಚೆಯೇ ಬೇರೆ ಕಂಪನಿಗೆ ವರ್ಗಾವಣೆ ಕೇಳಿದರೆ, ಹಳೇ ಕಾಯಿಲೆಗೆ ವಿಮೆ ಸಿಗಲೆಂದು ಕಾದ ವರ್ಷಗಳು ಅಲ್ಲಿಯೂ ಲೆಕ್ಕಕ್ಕೆ ಸಿಗುತ್ತವೆ.