ಕಾರ್ಡಿನಾಟದಲ್ಲಿ ಸಾಫ್ಟ್‌ವೇರ್ ಪಾಠ

ಮಕ್ಕಳ ಕೈಯಲ್ಲಿ ಇಸ್ಪೀಟೆಲೆ ಕಂಡರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಅಮೆರಿಕದ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆಂದೇ ಒಂದು ಕಟ್ಟು ಕಾರ್ಡು ಸಿದ್ಧವಾಯಿತು! ಅಲೆಕ್ಸ್ ಬೇಕರ್, ಎಮಿಲಿ ನವಾರೊ ಮತ್ತು ಆಂಡ್ರೆ ವಾನ್ ಡರ್ ಹುಕ್ ರೂಪಿಸಿ, 2003ರಲ್ಲಿ ವಿವರಿಸಿದ ಈ ಆಟದ ಹೆಸರು ‘ಪ್ರಾಬ್ಲಮ್ಸ್ ಅಂಡ್ ಪ್ರೋಗ್ರಾಮರ್ಸ್’.

ಕಂಪ್ಯೂಟರಿಗೆ ಆದೇಶ ಬರೆಯುವುದಷ್ಟೇ ಸಾಫ್ಟ್‌ವೇರ್ ಎಂಜಿನಿಯರಿಂಗ್ ಅಲ್ಲ. ಮನೆ ಕಟ್ಟುವವರು ಮೊದಲು ಮನೆಯವರ ಅಗತ್ಯ ಕೇಳಿ, ನಕ್ಷೆ ಬರೆಸಿ, ಆಮೇಲೆ ಗೋಡೆ ಎಬ್ಬಿಸುತ್ತಾರಲ್ಲವೆ? ಇಲ್ಲಿಯೂ ಅಗತ್ಯಗಳ ಪಟ್ಟಿ, ವಿನ್ಯಾಸ, ಬರವಣಿಗೆ, ಪರೀಕ್ಷೆ ಎಂಬ ಹಂತಗಳಿವೆ. ತರಗತಿಯಲ್ಲಿ ಬರೆಯುವ ಇಪ್ಪತ್ತು ಸಾಲಿನ ಪ್ರೋಗ್ರಾಮಿಗೆ ಇವೆಲ್ಲ ಬೇಕೆಂದು ವಿದ್ಯಾರ್ಥಿಗೆ ಅನ್ನಿಸುವುದೇ ಇಲ್ಲ. ವರ್ಷಗಟ್ಟಲೆ ನಡೆಯುವ ದೊಡ್ಡ ಕೆಲಸವನ್ನು ತರಗತಿಗೆ ತರುವುದೂ ಸಾಧ್ಯವಿಲ್ಲ. ಆಟದ ಉಪಯೋಗ ಇರುವುದು ಇಲ್ಲಿಯೇ.

ಆಟಗಾರರು ಇಬ್ಬರು, ಇಬ್ಬರಿಗೂ ಒಂದೇ ಯೋಜನೆ. ಮಿತವಾದ ಹಣದಲ್ಲಿ ಪ್ರೋಗ್ರಾಮರ್ ಕಾರ್ಡುಗಳನ್ನು ‘ಕೆಲಸಕ್ಕೆ ಸೇರಿಸಿಕೊಂಡು’ ಮೊದಲು ಮುಗಿಸಿದವರಿಗೆ ಗೆಲುವು. ಅಗತ್ಯ, ವಿನ್ಯಾಸಗಳನ್ನು ಕಡೆಗಣಿಸಿ ನೇರವಾಗಿ ಬರವಣಿಗೆಗೆ ಇಳಿದವನು ಮೊದಮೊದಲು ಮುಂದಿರುತ್ತಾನೆ. ಆಗ ಎದುರಾಳಿ ‘ಸಮಸ್ಯೆ’ ಕಾರ್ಡು ಎಸೆಯುತ್ತಾನೆ. ತಳಪಾಯ ಸಡಿಲವಿದ್ದವನಿಗೆ ಪೆಟ್ಟು ಜೋರು. ಅವಸರದಲ್ಲಿ ಬರೆದದ್ದರಲ್ಲಿ ದೋಷಗಳೂ ಹೆಚ್ಚು. ಅವನ್ನು ಹುಡುಕಿ ತಿದ್ದುವಷ್ಟರಲ್ಲಿ ಗಳಿಸಿದ ಸಮಯವೆಲ್ಲ ಕರಗಿರುತ್ತದೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ಆಟದಲ್ಲೇ ಮನದಟ್ಟಾಗುತ್ತದೆ.

ಇದು ಬರಿಯ ಆಟದ ಮಾತಲ್ಲ. 1996ರ ಜೂನ್ 4ರಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ‘ಏರಿಯಾನ್ 5’ ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಸುಮಾರು 40 ಸೆಕೆಂಡುಗಳಲ್ಲಿ ಸಿಡಿದುಹೋಯಿತು. ‘ಏರಿಯಾನ್ 4’ಕ್ಕೆ ಬರೆದಿದ್ದ ಸಾಫ್ಟ್‌ವೇರಿನ ಭಾಗವೊಂದನ್ನು, ಹೊಸ ರಾಕೆಟ್ಟಿನ ಪಥಕ್ಕೆ ತಕ್ಕಂತೆ ಪರೀಕ್ಷಿಸದೆ ಬಳಸಿದ್ದರು. ಹೊಸ ರಾಕೆಟ್ಟಿನ ಅಡ್ಡ ದಿಕ್ಕಿನ ವೇಗ ಹೆಚ್ಚು. ಆ ಸಂಖ್ಯೆ ನಿಗದಿಯಾದ ಜಾಗದಲ್ಲಿ ಹಿಡಿಸದೆ ದಾರಿ ತೋರುವ ವ್ಯವಸ್ಥೆಯೇ ಕೆಟ್ಟಿತು.

ಹಾಗೆಂದು ಆಟವೊಂದರಿಂದಲೇ ಯಾರೂ ಎಂಜಿನಿಯರ್ ಆಗುವುದಿಲ್ಲ. ಆಟ ಮುಗಿದ ಮೇಲೆ ‘ನಾನೇಕೆ ಸೋತೆ?’ ಎಂಬ ಚರ್ಚೆ ನಡೆದರೆ ಮಾತ್ರ ಅದು ಪಾಠ.

ಪೋಷಕರು ಮನೆಯಲ್ಲೂ ಇದನ್ನು ರೂಢಿಸಬಹುದು. ಮಗ ಅಥವಾ ಮಗಳು ಪ್ರೋಗ್ರಾಮ್ ಬರೆಯಲು ಕುಳಿತಾಗ, ‘ಇದು ಯಾರಿಗಾಗಿ? ಏನೇನು ಮಾಡಬೇಕು? ತಪ್ಪು ಅಂಕಿ ಕೊಟ್ಟರೆ ಏನಾಗುತ್ತದೆ?’ ಎಂದು ಕೇಳಿ. ಉತ್ತರವನ್ನು ಮೊದಲು ಕಾಗದದ ಮೇಲೆ ಬರೆಯಲಿ, ಕೀಲಿಮಣೆ ಆಮೇಲೆ.