ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಟೆಲೊಮಿಯರ್

ವರ್ಣತಂತುವಿನ ಎರಡೂ ತುದಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ಡಿಎನ್‌ಎ ಸರಣಿ ನೂರಾರು, ಕೆಲವೆಡೆ ಸಾವಿರಾರು ಸಲ ಮರುಕಳಿಸುತ್ತದೆ. ಇದೇ ಟೆಲೊಮಿಯರ್. ತುದಿಯನ್ನು ತುಂಡಾದ ಡಿಎನ್‌ಎ ಎಂದು ಜೀವಕೋಶ ತಪ್ಪಾಗಿ ತಿಳಿದು ರಿಪೇರಿಗೆ ಇಳಿಯದಂತೆ ತಡೆಯುವುದು ಇದರ ಮುಖ್ಯ ಕೆಲಸ. ಕೋಶ ಒಡೆದು ಎರಡಾದಾಗಲೆಲ್ಲ ಟೆಲೊಮಿಯರ್ ಸ್ವಲ್ಪ ಸವೆಯುತ್ತದೆ. ತೀರಾ ಗಿಡ್ಡವಾದರೆ ಆರೋಗ್ಯವಂತ ಕೋಶ ವಿಭಜನೆ ನಿಲ್ಲಿಸುತ್ತದೆ, ಇಲ್ಲವೇ ಸಾಯುತ್ತದೆ. ಹೀಗೆ ಈ ಸವೆತ ಕ್ಯಾನ್ಸರಿಗೆ ಒಂದು ತಡೆ.

ತಡೆ ಮುರಿದಾಗ ಮಾತ್ರ ಅದೇ ಸವೆತ ಅಪಾಯವಾಗುತ್ತದೆ. ಕೋಶದ ಕಾವಲು ಜೀನ್‌ಗಳು ಕೆಟ್ಟಿದ್ದರೆ ವಿಭಜನೆ ನಿಲ್ಲುವುದಿಲ್ಲ. ಬೋಳಾದ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಂದಿನ ವಿಭಜನೆಯಲ್ಲಿ ಎರಡು ಕಡೆಗೆ ಎಳೆತ ಬಿದ್ದು ಎಲ್ಲೆಂದರಲ್ಲಿ ಹರಿಯುತ್ತವೆ. ಹರಿದ ತುದಿಗಳು ಮತ್ತೆ ಅಂಟುತ್ತವೆ. ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಈ ಚಕ್ರವನ್ನು ಮೊದಲು ಕಂಡದ್ದು ಮೆಕ್ಕೆಜೋಳದಲ್ಲಿ, 1930ರ ದಶಕದ ಕೊನೆಯಲ್ಲಿ. ಪ್ರತಿ ಸುತ್ತಿನಲ್ಲೂ ಕೆಲವು ಜೀನ್‌ಗಳು ಕಳೆದುಹೋಗುತ್ತವೆ, ಕೆಲವು ಇಮ್ಮಡಿಯಾಗುತ್ತವೆ.

ಪ್ರಾಸ್ಟೇಟ್ ಗ್ರಂಥಿಯಲ್ಲಿ ಈ ಗೊಂದಲ ಬಹಳ ಮೊದಲೇ ಶುರುವಾಗುತ್ತದೆ. ಕ್ಯಾನ್ಸರಿಗೆ ಪೂರ್ವಭಾವಿ ಎನ್ನಲಾಗುವ, ವೈದ್ಯರು ಪಿನ್ ಎಂದು ಕರೆಯುವ ಅಸಹಜ ಭಾಗಗಳನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2002ರಲ್ಲಿ ಪರೀಕ್ಷಿಸಿದಾಗ, ಹೆಚ್ಚಿನವುಗಳ ಒಳಪದರದ ಕೋಶಗಳಲ್ಲಿ ಟೆಲೊಮಿಯರ್ ಆಗಲೇ ಗಿಡ್ಡವಾಗಿತ್ತು. ಅದರ ತಳದಲ್ಲೇ ಇರುವ ಬುಡಕೋಶಗಳಲ್ಲಿ ಹಾಗಿರಲಿಲ್ಲ. ದೇಹದ ಮುಪ್ಪೇ ಕಾರಣವಾಗಿದ್ದರೆ ಅಕ್ಕಪಕ್ಕದ ಕೋಶಗಳ ನಡುವೆ ಇಷ್ಟು ಅಂತರ ಇರಬೇಕಿರಲಿಲ್ಲ. ದೀರ್ಘಕಾಲದ ಉರಿಯೂತದ ಮೇಲೆ ಸಂಶೋಧಕರಿಗೆ ಅನುಮಾನವಿದೆ: ಅದು ಕೋಶಗಳು ಪದೇ ಪದೇ ವಿಭಜನೆಯಾಗುವಂತೆ ಮಾಡುತ್ತದೆ, ಜೊತೆಗೆ ಆಕ್ಸಿಡೀಕರಣದಿಂದ ಡಿಎನ್‌ಎಗೆ ಹಾನಿ ತರುತ್ತದೆ.

ಗೊಂದಲ ಮಿತಿಮೀರಿದರೆ ಕ್ಯಾನ್ಸರ್ ಕೋಶವೂ ಬದುಕಲಾರದು. ಆಗ ನೆರವಿಗೆ ಬರುವುದು, ಸವೆದ ತುದಿಗೆ ಡಿಎನ್‌ಎ ಸೇರಿಸುವ ಟೆಲೊಮರೇಸ್ ಎಂಬ ಕಿಣ್ವ. 1984ರಲ್ಲಿ ಇದನ್ನು ಪತ್ತೆಹಚ್ಚಿದ ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್, ಜ್ಯಾಕ್ ಶೋಸ್ಟಾಕ್ ಜೊತೆಗೆ 2009ರ ನೊಬೆಲ್ ಪಡೆದರು. ಬಹುಪಾಲು ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಈ ಕಿಣ್ವ ಚುರುಕಾಗಿರುತ್ತದೆ. ಅದು ಟೆಲೊಮಿಯರನ್ನು ಮೊದಲಿನ ಉದ್ದಕ್ಕೆ ತರುವುದೇನೂ ಇಲ್ಲ, ಕೋಶ ಸಾಯದಷ್ಟು ಉಳಿಸುತ್ತದೆ. 2012ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ಟೆಲೊಮಿಯರ್ ಹದಗೆಟ್ಟ ಮೇಲೆ ಟೆಲೊಮರೇಸ್ ಮರಳಿ ಬಂದ ಇಲಿಗಳಲ್ಲಿ ಗಡ್ಡೆ ಉಗ್ರವಾಯಿತು. ಕೆಲವುಗಳಲ್ಲಿ ಮೂಳೆಗೂ ಹಬ್ಬಿತು. ಮನುಷ್ಯರಲ್ಲೂ ಈ ರೋಗ ಹರಡುವುದು ಹೆಚ್ಚಾಗಿ ಮೂಳೆಗೇ.

ರೋಗಿಗೆ ಇದರಿಂದ ಉಪಯೋಗವಾಗಬಹುದಾದದ್ದು ರೋಗದ ಮುನ್ಸೂಚನೆಯಲ್ಲಿ. ಅನೇಕ ಪ್ರಾಸ್ಟೇಟ್ ಗಡ್ಡೆಗಳು ನಿಧಾನವಾಗಿ ಬೆಳೆಯುತ್ತವೆ. ಮಾರಕವಾದುದು ಯಾವುದೆಂದು ಪಿಎಸ್‌ಎ ರಕ್ತಪರೀಕ್ಷೆಯಾಗಲಿ, ಗಡ್ಡೆಯ ಅಂಗಾಂಶ ನೋಡಿ ಕೊಡುವ ಗ್ಲೀಸನ್ ಅಂಕವಾಗಲಿ ಖಚಿತವಾಗಿ ಹೇಳವು. ಶಸ್ತ್ರಚಿಕಿತ್ಸೆಯಾದ 596 ಗಂಡಸರ ಅಂಗಾಂಶವನ್ನು ಪರಿಶೀಲಿಸಿದ 2013ರ ಅಧ್ಯಯನ ಎರಡು ಲಕ್ಷಣಗಳನ್ನು ಗುರುತಿಸಿತು: ಕ್ಯಾನ್ಸರ್ ಕೋಶಗಳ ನಡುವೆ ಟೆಲೊಮಿಯರ್ ಉದ್ದದಲ್ಲಿ ಹೆಚ್ಚು ಏರುಪೇರು, ಮತ್ತು ಗಡ್ಡೆಯ ಸುತ್ತಲಿನ ಆಧಾರ ಕೋಶಗಳಲ್ಲಿ ಗಿಡ್ಡ ಟೆಲೊಮಿಯರ್. ಎರಡೂ ಇದ್ದವರು ಈ ಕ್ಯಾನ್ಸರಿನಿಂದ ಸಾಯುವ ಅಪಾಯ, ಎರಡೂ ಇಲ್ಲದವರಿಗಿಂತ ಸುಮಾರು 14 ಪಟ್ಟು ಹೆಚ್ಚಿತ್ತು.

ಆದರೆ ಈ ಅಳತೆ ಅಂಗಾಂಶದಲ್ಲೇ ಆಗಬೇಕು; ರಕ್ತದ ಬಿಳಿ ಕಣಗಳಲ್ಲಿ ಅಳೆದ ಟೆಲೊಮಿಯರ್ ಗ್ರಂಥಿಯೊಳಗಿನ ಸ್ಥಿತಿಯನ್ನು ತಿಳಿಸುವುದಿಲ್ಲ. ‘ಟೆಲೊಮಿಯರ್ ಉದ್ದ ಮಾಡುವ’ ಮಾತ್ರೆಗಳ ಜಾಹೀರಾತು ನೋಡುವವರು, ಅದೇ ಕೆಲಸವನ್ನು ಕ್ಯಾನ್ಸರ್ ಕೋಶವೂ ಬಯಸುತ್ತದೆ ಎಂಬುದನ್ನು ನೆನಪಿಡುವುದು ಒಳ್ಳೆಯದು. ಟೆಲೊಮರೇಸನ್ನು ತಡೆಯುವ ಇಮೆಟೆಲ್‌ಸ್ಟ್ಯಾಟ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದು ಅಸ್ಥಿಮಜ್ಜೆಯ ಒಂದು ಕಾಯಿಲೆಗೆ, ಪ್ರಾಸ್ಟೇಟ್ ಕ್ಯಾನ್ಸರಿಗಲ್ಲ.